ಆರಂಭದ ಕ್ರೈಸ್ತರು ಮದುವೆಗಿಂತ ಬ್ರಹ್ಮಚರ್ಯವೇ ಮೇಲು ಅಂದಿದ್ದು ಯಾಕೆ?

ಮದುವೆ ಪಾಪ ಅಂತಲ್ಲ. ಅದು ಒಳ್ಳೆಯದು, ಆದರೆ ಮದುವೆಯಾಗದೆ ಇರುವುದು ಇನ್ನೂ ಒಳ್ಳೆಯದು ಅನ್ನುವ ವಾದವೇ ಕೊನೆಗೆ ಗೆದ್ದಿತು. ಇದರ ಬೇರು ಗ್ರೀಸಿನ ಕೊರಿಂಥ ಊರಿನ ಕ್ರೈಸ್ತರಿಗೆ ಧರ್ಮಪ್ರಚಾರಕ ಪೌಲ ಬರೆದ ಪತ್ರದಲ್ಲಿದೆ: ಈ ಲೋಕಕ್ಕೆ ಉಳಿದಿರುವ ಕಾಲ ಕಡಿಮೆ, ಮದುವೆಯಾದವನ ಮನಸ್ಸು ದೇವರಿಗೂ ಹೆಂಡತಿಗೂ ಹಂಚಿಹೋಗುತ್ತದೆ.

ಎಲ್ಲರೂ ಸುಮ್ನೆ ಒಪ್ಪಲಿಲ್ಲ. ರೋಮಿನ ಜೊವಿನಿಯನ್, ಸ್ವತಃ ಸನ್ಯಾಸಿಯಾಗಿದ್ದರೂ, ದೀಕ್ಷಾಸ್ನಾನ ಪಡೆದ ಕನ್ಯೆ, ವಿಧವೆ, ಗೃಹಿಣಿ ಮೂವರೂ ಸಮಾನರು ಅಂದ. ನನಗಂತೂ ಇದು ತುಂಬ ಧೈರ್ಯದ ಮಾತು. ಪೋಪ್ ಸಿರಿಸಿಯಸ್ ಅವನನ್ನು ಬಹಿಷ್ಕರಿಸಿದ. 393ರ ಸುಮಾರಿಗೆ ಕ್ರೈಸ್ತ ವಿದ್ವಾಂಸ ಜೆರೋಮ್ ಖಾರವಾಗಿ ಉತ್ತರ ಬರೆದ: ಯೇಸು ಹೇಳಿದ ಬಿತ್ತುವವನ ಕಥೆಯಲ್ಲಿ ಒಳ್ಳೆಯ ನೆಲಕ್ಕೆ ಬಿದ್ದ ಬೀಜ ಕೊಡುವ 100 ಪಟ್ಟು ಫಲ ಕನ್ಯೆಯರದು, 60 ವಿಧವೆಯರದು, 30 ಮದುವೆಯಾದವರದು. ಮದುವೆಯನ್ನು ಅವನು ಜಾಸ್ತಿಯೇ ಹೀಗಳೆದಿದ್ದ. ರೋಮಿನಲ್ಲಿದ್ದ ಗೆಳೆಯ ಪಮ್ಮಾಕಿಯಸ್ ಗಾಬರಿಯಾಗಿ ಪ್ರತಿಗಳನ್ನು ವಾಪಸ್ ತರಿಸಲು ನೋಡಿದ.