ಕೊನೆಯ ಹತ್ತು ಹೆಜ್ಜೆ ಕಣ್ಣಿನಿಂದಲೇ ಹುಡುಕಬೇಕು

ಜಿಯೋಕ್ಯಾಶಿಂಗ್ ಬಗ್ಗೆ ಎರಡು ಸಂಚಿಕೆ ಹಿಂದೆ ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳು ಎಷ್ಟೆಂದರೆ ಈ ಸಲದ ಪೂರ್ತಿ ಅಂಕಣ ಅದಕ್ಕೇ ಮೀಸಲು. ಹೊಸಬರಿಗಾಗಿ ಒಂದು ಮಾತು. ಯಾರೋ ಒಬ್ಬರು ಹೊರಗೆಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಹೇಳುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ, ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತಾರೆ. ಇದೇ ಆಟ. ಆ ಡಬ್ಬಿಗೆ ಆಡುವವರು ಕ್ಯಾಶ್ ಅನ್ನುತ್ತಾರೆ.

ಫೋನಿನಲ್ಲೇ ಜಿಪಿಎಸ್ ಇದೆಯಲ್ಲ, ಮತ್ತೆ ಅಷ್ಟು ದುಡ್ಡು ಕೊಟ್ಟು ಕೈಯಲ್ಲಿ ಹಿಡಿಯುವ ಯಂತ್ರ ಯಾಕೆ ಬೇಕು? ಕಾಡಿನಲ್ಲಿ ನೆಟ್‌ವರ್ಕ್ ಇರಲ್ಲ ಅಂತಲಾ? — ಓದುಗರು, ಹುಬ್ಬಳ್ಳಿ

ನೆಟ್‌ವರ್ಕ್ ಕಾರಣ ಅಲ್ಲ. ಸಿಮ್ ತೆಗೆದು ಹಾಕಿದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ಯಾಕೆಂದರೆ ಅದು ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಸಿಗ್ನಲ್ ಕೇಳಿಸಿಕೊಳ್ಳುತ್ತದೆ ಅಷ್ಟೇ. ನೆಟ್‌ವರ್ಕ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು, ಮತ್ತೆ ಮೊದಲ ಸಲ ಉಪಗ್ರಹ ಎಲ್ಲಿವೆ ಎಂದು ಬೇಗ ತಿಳಿಯಲು. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡರೆ ಮುಗಿಯಿತು.

ನೀವು ಪಾರ್ಕಿನಲ್ಲಿ, ಊರಿನ ಸುತ್ತಮುತ್ತ ಆಡುವವರಾದರೆ ಫೋನೇ ಸಾಕು, ದುಡ್ಡು ಉಳಿಸಿ. ಇಡೀ ದಿನ ನಡೆಯುವವರಾದರೆ ಮಾತು ಬೇರೆ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್ ಎಂಬ ಕೈಯಂತ್ರ ಎರಡು ಎಎ ಸೆಲ್‌ನಲ್ಲಿ 25 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಸೆಲ್ ಮುಗಿದರೆ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಮಳೆ ಬಿದ್ದಾಗ ಫೋನಿನ ಗಾಜು ಬೆರಳಿನ ಮಾತು ಕೇಳುವುದಿಲ್ಲ, ಇದರ ಗುಂಡಿಗಳು ಕೇಳುತ್ತವೆ. ಬಂಡೆಯ ಮೇಲೆ ಬಿದ್ದರೂ ಎದೆ ಧಸಕ್ಕೆನ್ನುವುದಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದು. ದಾರಿ ತೋರಿಸುವ ಕೆಲಸವನ್ನು ಯಂತ್ರ ನೋಡಿಕೊಂಡರೆ, ಯಾರಿಗಾದರೂ ಕಾಲು ಉಳುಕಿದಾಗ ಕರೆ ಮಾಡಲು ಫೋನಿನಲ್ಲಿ ಚಾರ್ಜ್ ಉಳಿದಿರುತ್ತದೆ.

ರೀಚಾರ್ಜ್ ಮಾಡುವ ಸೆಲ್ ಹಾಕುವವರು ಸೆಟ್ಟಿಂಗ್‌ನಲ್ಲಿ ಸೆಲ್‌ನ ಬಗೆಯನ್ನೂ ಬದಲಿಸಿ. ಇಲ್ಲದಿದ್ದರೆ ಚಾರ್ಜ್ ತೋರಿಸುವ ಪಟ್ಟಿ ಸುಳ್ಳು ಹೇಳುತ್ತದೆ.

ಅಮೆರಿಕದಿಂದ ಅಣ್ಣ ತಂದುಕೊಟ್ಟ ಯಂತ್ರ ಇಲ್ಲಿ ಹತ್ತು ನಿಮಿಷ ಆದರೂ ಜಾಗ ತೋರಿಸಲಿಲ್ಲ. ಕೆಟ್ಟಿದೆಯಾ? — ಓದುಗರು, ದಾವಣಗೆರೆ

ಕೆಟ್ಟಿಲ್ಲ. ತಾನಿನ್ನೂ ಅಮೆರಿಕದಲ್ಲೇ ಇದ್ದೇನೆ ಎಂದುಕೊಂಡು ಅಲ್ಲಿನ ಆಕಾಶದ ಉಪಗ್ರಹಗಳನ್ನು ಹುಡುಕುತ್ತಿರುತ್ತದೆ. ತಾರಸಿಯ ಮೇಲೆ, ಗೋಡೆಗಳಿಂದ ದೂರ, ಅಲ್ಲಾಡಿಸದೆ ಇಡಿ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಒಮ್ಮೆ ಇಳಿದರೆ ಮುಂದಿನ ಸಲದಿಂದ ಬೇಗ ಹಿಡಿಯುತ್ತದೆ.

ಪರದೆಯಲ್ಲಿ "3 ಮೀಟರ್" ಅಂತ ಬರುತ್ತೆ. ಅಲ್ಲೇ ನಿಂತರೆ ಬಾಣ ಗಿರಗಿರ ತಿರುಗುತ್ತೆ. ಒಂದು ಗಂಟೆ ಹುಡುಕಿದರೂ ಡಬ್ಬಿ ಸಿಗಲಿಲ್ಲ. ದುಬಾರಿ ಯಂತ್ರ ಕೊಂಡರೆ ಸರಿಹೋಗುತ್ತಾ? — ಓದುಗರು, ಬೆಂಗಳೂರು

ಇಲ್ಲ. ಹೋಗಿ ಮತ್ತೊಂದು ಯಂತ್ರ ಕೊಳ್ಳಬೇಡಿ, ದಯವಿಟ್ಟು.

ನಿಮ್ಮ ಯಂತ್ರದಲ್ಲಿ ಅಯಸ್ಕಾಂತದ ದಿಕ್ಸೂಚಿ ಇಲ್ಲ ಅಂತ ಕಾಣುತ್ತದೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಅದು ಇರುವುದಿಲ್ಲ. ಅವು ನಿಮ್ಮ ನಡಿಗೆಯಿಂದ ದಿಕ್ಕು ಲೆಕ್ಕ ಹಾಕುತ್ತವೆ: ಒಂದು ಕ್ಷಣದ ಹಿಂದೆ ಅಲ್ಲಿದ್ದಿರಿ, ಈಗ ಇಲ್ಲಿದ್ದೀರಿ, ಅಂದರೆ ಹೀಗೆ ಹೋಗುತ್ತಿದ್ದೀರಿ ಎಂದು. ನಿಂತುಬಿಟ್ಟರೆ ಲೆಕ್ಕಕ್ಕೆ ಏನೂ ಸಿಗುವುದಿಲ್ಲ, ಬಾಣ ಅಲೆಯುತ್ತದೆ. ದಿಕ್ಸೂಚಿ ಇರುವ ಯಂತ್ರವನ್ನೂ ಸೆಲ್ ಬದಲಿಸಿದಾಗಲೆಲ್ಲ ಸರಿಹೊಂದಿಸಿಕೊಳ್ಳಬೇಕು.

"3 ಮೀಟರ್" ಎಂಬುದನ್ನೂ ಹಾಗೇ ನಂಬಬಾರದು. ನಿಮ್ಮ ಯಂತ್ರ ಬಯಲಿನಲ್ಲೂ ನಾಲ್ಕೈದು ಮೀಟರ್ ಆಚೀಚೆ ಇರಬಹುದು. ಡಬ್ಬಿ ಇಟ್ಟವರ ಯಂತ್ರವೂ ಆವತ್ತು ಅಷ್ಟೇ ಆಚೀಚೆ ಇದ್ದಿರಬಹುದು. ಎರಡೂ ಸೇರಿದರೆ ಸುತ್ತ ಹತ್ತು ಮೀಟರ್ ದೂರದವರೆಗೂ ಹುಡುಕಬೇಕಾದ ಜಾಗವೇ. ದೊಡ್ಡ ಕಟ್ಟಡದ ಪಕ್ಕ ಇನ್ನೂ ಜಾಸ್ತಿ, ಯಾಕೆಂದರೆ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಯಂತ್ರ ಅದನ್ನೂ ನೇರ ಬಂದಿದ್ದೆಂದು ಎಣಿಸುತ್ತದೆ. ಬೆಳಕಿನ ವೇಗದಲ್ಲಿ ಬರುವ ಸಿಗ್ನಲ್ ಅಲ್ವಾ, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಡವಾದರೆ 30 ಸೆಂಟಿಮೀಟರ್ ವ್ಯತ್ಯಾಸ.

ನಾನು ಮಾಡುವುದು ಹೀಗೆ. ಜಾಗದಿಂದ ಇಪ್ಪತ್ತು ಮೀಟರ್ ಹಿಂದೆ ಬರುತ್ತೇನೆ. ಯಂತ್ರವನ್ನು ಎದೆಯ ಮುಂದೆ ಹಿಡಿದು, ಒಂದೇ ಹದದಲ್ಲಿ ನಡೆಯುತ್ತೇನೆ. ಬಾಣ ಯಾವ ಕಡೆ ನೇರ ನಿಲ್ಲುತ್ತದೋ ಆ ಸಾಲಿನಲ್ಲಿ ಕಾಣುವ ಮರವನ್ನೋ ಕಲ್ಲನ್ನೋ ಗುರುತು ಹಿಡಿಯುತ್ತೇನೆ. ಮತ್ತೆ ಬೇರೆ ಕಡೆಯಿಂದ ಅದೇ ಥರ ಒಂದು ಸಲ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿಗೆ ಹೋಗಿ ಯಂತ್ರ ಜೇಬಿಗೆ ಹಾಕುತ್ತೇನೆ. ಆಮೇಲೆ ಕಣ್ಣಿನ ಕೆಲಸ. ನೀವೇ ಡಬ್ಬಿ ಬಚ್ಚಿಡಬೇಕಿದ್ದರೆ ಎಲ್ಲಿಡುತ್ತಿದ್ದಿರಿ? ಬೇರುಗಳ ನಡುವೆ ಕಡ್ಡಿಗಳನ್ನು ಯಾರೋ ಕೈಯಿಂದ ಜೋಡಿಸಿದಂತಿದೆಯಾ, ಒಂದು ಕಲ್ಲಿನ ಪಾಚಿ ಇದ್ದ ಮುಖ ಕೆಳಗಾಗಿದೆಯಾ, ಗೋಡೆಯ ಒಂದು ಇಟ್ಟಿಗೆಯ ಅಂಚು ಬೆರಳು ತಾಗಿ ತಾಗಿ ನುಣುಪಾಗಿದೆಯಾ, ಇಂಥದ್ದನ್ನು ನೋಡಿ. ಪಾಚಿ ಕೆಳಗಾದ ಕಲ್ಲನ್ನು ಎತ್ತಿದಾಗ ತಣ್ಣನೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕಂಡರೆ ಆಗುವ ಖುಷಿಗೆ ನಾನಿನ್ನೂ ಹಳಬನಾಗಿಲ್ಲ.

ನಮ್ಮ ಕನ್ನಡ ಕೂಟದ ಪಿಕ್‌ನಿಕ್‌ನಲ್ಲಿ ಮಕ್ಕಳಿಗೆ ಜಿಪಿಎಸ್ ನಿಧಿ ಹುಡುಕಾಟ ಇಟ್ಟಿದ್ದೆವು. ಐದು ಗುಂಪು. ಎರಡು ಗುಂಪಿಗೆ ಹಳದಿ ಇಟ್ರೆಕ್ಸ್, ಉಳಿದವರಿಗೆ ಅಪ್ಪ ಅಮ್ಮನ ಫೋನು. ಮೊದಲ ಎರಡು ಡಬ್ಬಿ ನಮ್ಮ ಚಪ್ಪರದಿಂದಲೇ ಕಾಣುತ್ತಿದ್ದವು, ಎಲ್ಲರಿಗೂ ಸಿಕ್ಕವು. ಮೂರನೆಯದಕ್ಕೆ ಫೋನಿನ ಮೂರು ಗುಂಪೂ ಉತ್ತರಕ್ಕೆ ಕಾಲು ಮೈಲಿ ದಾಟಿ ರಸ್ತೆಯ ಆಚೆಗೆ ಹೋಗಿಬಿಟ್ಟವು! ಪುಣ್ಯಕ್ಕೆ ದೊಡ್ಡವರು ಜೊತೆಗಿದ್ದರು. ಚೀಟಿಯಲ್ಲಿ ಡಿಗ್ರಿಯ ನಂತರ ಇದ್ದಿದ್ದು ಅಕ್ಷಾಂಶ 21.300, ರೇಖಾಂಶ 32.100. ಈ ಸಲ ಮತ್ತೆ ಮಾಡಬೇಕು, ಏನು ತಪ್ಪಾಯಿತು? — ಓದುಗರು, ಪೋರ್ಟ್‌ಲ್ಯಾಂಡ್, ಆರಿಗನ್

ಚೀಟಿಯ ಅಂಕಿ ಕೊಟ್ಟಿದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ನಿಮ್ಮ ಇಟ್ರೆಕ್ಸ್ ಡಿಗ್ರಿ ಮತ್ತು ನಿಮಿಷ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಓದುತ್ತದೆ, ನಿಮಿಷದ ಮುಂದೆ ಚುಕ್ಕಿ ಇಟ್ಟು ಮೂರು ಅಂಕಿ. ಜಿಯೋಕ್ಯಾಶಿಂಗ್‌ನಲ್ಲಿ ಎಲ್ಲರೂ ಬಳಸುವುದು ಇದನ್ನೇ. ಫೋನಿನಲ್ಲಿ ಡಿಗ್ರಿ, ನಿಮಿಷ, ಸೆಕೆಂಡಿಗೆ ಬೇರೆ ಬೇರೆ ಮನೆ ಇದ್ದಿರಬೇಕು. 21.300 ನೋಡಿದವರು 21 ನಿಮಿಷ, 30 ಸೆಕೆಂಡು ಎಂದು ತುಂಬಿದ್ದಾರೆ. ಆದರೆ 30 ಸೆಕೆಂಡು ಅಂದರೆ ಅರ್ಧ ನಿಮಿಷ, ಅಂದರೆ 21.500. ಅಕ್ಷಾಂಶದ ಒಂದು ನಿಮಿಷಕ್ಕೆ 1,852 ಮೀಟರ್, ಹಾಗಾಗಿ 0.2 ನಿಮಿಷದ ತಪ್ಪಿಗೆ ಉತ್ತರಕ್ಕೆ 370 ಮೀಟರ್. ರೇಖಾಂಶದಲ್ಲೂ 32.100 ಹೋಗಿ 32 ನಿಮಿಷ 10 ಸೆಕೆಂಡು ಆಗಿದೆ, ಅಲ್ಲಿ ಪಶ್ಚಿಮಕ್ಕೆ ಸುಮಾರು 90 ಮೀಟರ್. ಎರಡೂ ಸೇರಿದರೆ ನೀವು ಹೇಳಿದ ಕಾಲು ಮೈಲಿಗೆ ಹತ್ತಿರ ಬರುತ್ತದೆ. ಮೊದಲ ಎರಡು ಡಬ್ಬಿ ಮಕ್ಕಳಿಗೆ ಕಣ್ಣಿಗೇ ಕಂಡವು, ಅಂಕಿ ತಪ್ಪಿದ್ದು ಗೊತ್ತೇ ಆಗಲಿಲ್ಲ.

ಈ ಸಲ ಚೀಟಿ ಬರೆಯಲೇಬೇಡಿ. ಹಿಂದಿನ ರಾತ್ರಿಯೇ ಎಲ್ಲ ಜಾಗಗಳನ್ನೂ ಒಂದು ಜಿಪಿಎಕ್ಸ್ ಫೈಲ್ (ಜಿಪಿಎಸ್ ಜಾಗಗಳನ್ನು ಬರೆದಿಡುವ ಫೈಲ್) ಮಾಡಿ ಯಂತ್ರಕ್ಕೂ ಫೋನಿಗೂ ಹಾಕಿಬಿಡಿ. ಜಾಗ ಗುರುತಿಸುವಾಗ ಒಂದೇ ಯಂತ್ರ ಬಳಸಿ. ಡಬ್ಬಿಯ ಪಕ್ಕ ಎರಡು ಮೂರು ನಿಮಿಷ ನಿಲ್ಲಿ, ಸರಾಸರಿ ತೆಗೆಯುವ ಸೌಲಭ್ಯ ಇದ್ದರೆ ಬಳಸಿ, ಆದರೆ ಒಂದೆರಡು ಗಂಟೆ ಬಿಟ್ಟು ಮತ್ತೊಮ್ಮೆ ತೆಗೆಯಿರಿ, ಯಾಕೆಂದರೆ ಅಷ್ಟರಲ್ಲಿ ಉಪಗ್ರಹಗಳ ಜಾಗ ಬದಲಾಗಿರುತ್ತದೆ. ಡಬ್ಬಿಗಳ ನಡುವೆ ಐವತ್ತು ಮೀಟರಾದರೂ ಬಿಡಿ. ಪ್ರತಿ ಗುಂಪಿಗೂ ಬೇರೆ ಡಬ್ಬಿಯಿಂದ ಶುರು ಮಾಡಿಸಿ, ಇಲ್ಲದಿದ್ದರೆ ಮುಂದಿನವರ ಬೆನ್ನ ಹಿಂದೆ ಎಲ್ಲರೂ ಓಡುತ್ತಾರೆ, ಯಂತ್ರವನ್ನು ಯಾರೂ ನೋಡುವುದಿಲ್ಲ. ಮತ್ತೆ ಒಂದು ಡಬ್ಬಿ ಸಿಕ್ಕ ಕೂಡಲೇ ಯಂತ್ರ ಇನ್ನೊಂದು ಮಗುವಿನ ಕೈಗೆ ಹೋಗಬೇಕು. ಇದನ್ನು ಮೊದಲೇ ಹೇಳಿಬಿಡಿ. ಗಟ್ಟಿಯಾಗಿ ಮಾತಾಡುವ ಹುಡುಗನ ಕೈಯಲ್ಲೇ ಕೊನೆತನಕ ಯಂತ್ರ ಉಳಿದುಹೋಗಿ, ಪಕ್ಕದಲ್ಲಿ ಸುಮ್ನೆ ನಡೆದು ಬರುವ ಚಿಕ್ಕ ಹುಡುಗಿಯ ಮುಖ ನೋಡಿದ್ದೇನೆ, ಅದು ನನಗೆ ಮರೆಯುವುದಿಲ್ಲ.

ಪಾರ್ಕಿನವರ ಅನುಮತಿ ಕೇಳಿ. ಡಬ್ಬಿಯಲ್ಲಿ ತಿಂಡಿ ಬೇಡ, ಪ್ರಾಣಿಗಳು ಕಿತ್ತುಹಾಕುತ್ತವೆ. ಮಣ್ಣು ಅಗೆಯಬೇಡಿ. ಸಂಜೆ ಡಬ್ಬಿ ಎಣಿಸಿ ವಾಪಸ್ ತನ್ನಿ. ಒಂದೊಂದು ಗುಂಪಿಗೂ ಒಂದು ಕಸದ ಚೀಲ ಕೊಡಿ: ಕ್ಯಾಶ್ ಹುಡುಕುತ್ತಾ ಕಸ ಹೆಕ್ಕಿ ತರುವುದು 2002ರಿಂದ ಈ ಆಟದ ಜೊತೆಗೇ ಬಂದ ರೂಢಿ, ಅದಕ್ಕೆಂದೇ ಜನ ಸೇರುತ್ತಾರೆ.

ಮತ್ತೆ, ನೀವು ಇರುವುದು ಪೋರ್ಟ್‌ಲ್ಯಾಂಡ್‌ನಲ್ಲಿ! 2000ನೇ ಇಸವಿಯ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್‌ಗೆ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ನೂರು ಮೀಟರ್ ಆಚೀಚೆ ತೋರಿಸುತ್ತಿದ್ದ ಯಂತ್ರಗಳು ರಾತ್ರೋರಾತ್ರಿ ಹತ್ತಿಪ್ಪತ್ತು ಮೀಟರ್‌ಗೆ ಬಂದವು. ಮೇ 3ರಂದು ಡೇವ್ ಅಲ್ಮರ್ ಎಂಬವರು ನಿಮ್ಮ ಊರಿಗೆ ದೂರವಲ್ಲದ ಬೀವರ್‌ಕ್ರೀಕ್ ಹತ್ತಿರ ಕಪ್ಪು ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಇಟ್ಟು ಅಂಕಿ ಹೇಳಿದರು. ಆಟ ಶುರುವಾಗಿದ್ದು ಅಲ್ಲಿ. ಈಗ ಅಲ್ಲಿ ನೆನಪಿನ ಫಲಕ ಇದೆ. ಆ ಬೀನ್ಸ್ ಡಬ್ಬಿ ಆಮೇಲೆ ಸಿಕ್ಕಿತು, ಈ ಆಟ ಆಡುವವರ ಕೂಟಗಳಲ್ಲಿ ಜನ ಅದನ್ನು ನೋಡಲು ಮುಗಿಬೀಳುತ್ತಾರೆ. ಪಿಕ್‌ನಿಕ್ ಮುಗಿಸಿ ಒಂದು ಭಾನುವಾರ ಮಕ್ಕಳನ್ನು ಆ ಫಲಕದ ಹತ್ತಿರ ಕರೆದುಕೊಂಡು ಹೋಗಿ.

ನಮ್ಮೂರ ಹತ್ತಿರದ ಕಾಡಿನಲ್ಲಿ ಡಬ್ಬಿ ಇಡಬಹುದಾ? ಹಳೇ ಟೋಪೋ ನಕ್ಷೆಯಿಂದ ಅಂಕಿ ತೆಗೆಯಬಹುದಾ? — ಓದುಗರು, ಶಿರಸಿ

ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, ಅಭಯಾರಣ್ಯದ ಆಸೆ ಬಿಟ್ಟುಬಿಡಿ. ಜನ ಓಡಾಡುವ ಜಾಗದಲ್ಲಿ ಇಡುವುದಾದರೆ ಪಾರದರ್ಶಕ ಡಬ್ಬಿಯನ್ನೇ ಬಳಸಿ, ಏನಿದು ಎಂದು ಕನ್ನಡದಲ್ಲಿ ಬರೆದು ಅಂಟಿಸಿ. ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ 2011ರಲ್ಲಿ ಕ್ಯಾಶ್ ಡಬ್ಬಿಯೊಂದನ್ನು ಬಾಂಬ್ ಎಂದುಕೊಂಡು ಸ್ಫೋಟಿಸಿದ್ದರು. ನಮ್ಮಲ್ಲಿ ಬಸ್ ಸ್ಟ್ಯಾಂಡ್, ದೇವಸ್ಥಾನ, ಸೇತುವೆ, ಅಣೆಕಟ್ಟಿನ ಹತ್ತಿರ ಇಡಲೇಬೇಡಿ. ಹತ್ತಿರದಲ್ಲಿ ಬೇರೆ ಕ್ಯಾಶ್ ಇದ್ದರೆ 161 ಮೀಟರ್ ದೂರ ಇರಬೇಕೆಂಬ ನಿಯಮವೂ ಇದೆ.

ಹಳೇ ನಕ್ಷೆಯಿಂದ ಬೇಡ. ಅವು ಎವರೆಸ್ಟ್ ಎಂಬ ಹಳೇ ಭೂಮಾಪನದ ಲೆಕ್ಕದ ಮೇಲೆ ಮಾಡಿದ್ದು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕ. ನಮ್ಮ ಕಡೆ ಎರಡಕ್ಕೂ ನೂರು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ದಟ್ಟ ಮರದ ಕೆಳಗೆ, ಅದೂ ಎಲೆ ಒದ್ದೆಯಾದಾಗ, ಸಿಗ್ನಲ್ ಸೊರಗುತ್ತದೆ. ಹಾಗಾಗಿ ಮರದ ಸಂದಿಯಲ್ಲಿ ಆಕಾಶ ಕಾಣುವ ಕಡೆ ನಿಂತು ಗುರುತು ಹಾಕಿ. ಮಳೆಗಾಲದಲ್ಲಿ ಹೆಸರು ಬರೆಯುವ ಲಾಗ್ ಪುಸ್ತಕ ತೊಪ್ಪೆಯಾಗದಂತೆ ಎರಡು ಜಿಪ್ ಚೀಲ ಹಾಕಿ, ಪೆನ್ನಿನ ಬದಲು ಪೆನ್ಸಿಲ್.

ಡಬ್ಬಿಯೇ ಬೇಡ ಅನ್ನಿಸಿದರೆ ಅರ್ಥ್‌ಕ್ಯಾಶ್ ಇದೆ. ಅದರಲ್ಲಿ ಏನೂ ಬಚ್ಚಿಡುವುದಿಲ್ಲ, ಬಂದವರು ಅಲ್ಲಿನ ಕಲ್ಲನ್ನೋ ನೆಲವನ್ನೋ ನೋಡಿ ಪ್ರಶ್ನೆಗೆ ಉತ್ತರಿಸಬೇಕು. ಲಾಲ್‌ಬಾಗಿನ ಬಂಡೆ, ನಿಮ್ಮ ಕಡೆಯ ಯಾಣ, ಇವೆಲ್ಲ ಅಂಥ ಆಟಕ್ಕೆ ಹೇಳಿ ಮಾಡಿಸಿದಂಥವು.

ಡಲ್ಲಾಸ್‌ನಿಂದ ಊರಿಗೆ ಬರುತ್ತಿದ್ದೇವೆ. ನಮ್ಮ ಜಿಪಿಎಸ್‌ನಲ್ಲಿ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸೌಲಭ್ಯ ಇದೆ. ತರಬಹುದಾ? — ಓದುಗರು

ತರಬೇಡಿ. ಬರೀ ಜಿಪಿಎಸ್ ಕೇಳಿಸಿಕೊಳ್ಳುತ್ತದೆ ಅಷ್ಟೇ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ನಿಮ್ಮದು ಕಳಿಸುತ್ತದೆ. ಇರಿಡಿಯಂ, ತುರಾಯಾದಂಥ ಉಪಗ್ರಹ ಸಂಪರ್ಕದ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತಕ್ಕೆ ತರುವುದು ಅಪರಾಧ, ಚಾರಣಕ್ಕೆಂದು ತಂದ ವಿದೇಶಿ ಪ್ರವಾಸಿಗರನ್ನೇ ವಿಮಾನ ನಿಲ್ದಾಣದಲ್ಲಿ ತಡೆದಿದ್ದಾರೆ. ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ, ಇಲ್ಲಿ ಫೋನಿನಲ್ಲೇ ಆಡಿ.

ನನ್ನ ಮಗಳಿಗೆ ಡಬ್ಬಿಯೊಳಗೆ ನಾಯಿಯ ಕತ್ತುಪಟ್ಟಿಗೆ ಹಾಕುವಂಥ ಬಿಲ್ಲೆ ಸಿಕ್ಕಿತು, ಮೇಲೆ ಜೀರುಂಡೆ ಚಿತ್ರ, ಒಂದು ನಂಬರ್. ಅವಳು ಇಟ್ಟುಕೊಳ್ಳಬಹುದಾ? — ಓದುಗರು, ಮೈಸೂರು

ಅದು ಟ್ರಾವೆಲ್ ಬಗ್. ಡಬ್ಬಿಯಿಂದ ಡಬ್ಬಿಗೆ ಊರೂರು ಸುತ್ತಲಿ ಎಂದು ಯಾರೋ ಬಿಟ್ಟಿದ್ದು, ಅವರು ಅದರ ದಾರಿ ಕಾಯುತ್ತಿರುತ್ತಾರೆ. ಜಿಯೋಕ್ಯಾಶಿಂಗ್ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಿದರೆ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಅನ್ನುವುದು ಸಿಗುತ್ತದೆ. ಮಗಳು ಒಂದೆರಡು ವಾರ ಇಟ್ಟುಕೊಳ್ಳಲಿ, ಒಂದು ಫೋಟೋ ತೆಗೆದು ಹಾಕಲಿ, ಆಮೇಲೆ ಇನ್ನೊಂದು ಡಬ್ಬಿಗೆ ಮುಟ್ಟಿಸಲಿ. ಲಾಗ್ ಕನ್ನಡದಲ್ಲೇ ಬರೆಯಲಿ. ಮುಂದೆ ಅದು ಯಾವ ದೇಶಕ್ಕೆ ಹೋಗುತ್ತದೆ ಅಂತ ಅವಳೂ ಇನ್ನು ನೋಡುತ್ತಿರಬಹುದು. ಹೋದ ಕಡೆಯಿಂದ ಸುದ್ದಿ ಬಂದರೆ ನನಗೂ ಒಂದು ಕಾಗದ ಹಾಕಿ.