ಪ್ರತಿಕ್ರಿಯೆ: ದಿನಾ ಒಂದು ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತಾ?

ಮಾಲೂರಿನಿಂದ ಕೇಳಿದ್ದೀರಿ: ಸ್ಕ್ಯಾನಿಂಗ್‌ನಲ್ಲಿ 5 ಮಿ.ಮೀ. ಕಲ್ಲು ಕಂಡಿದೆ, ದಿನಾ ಒಂದು ಬಿಯರ್ ಹಾಕಿದರೆ ಕರಗುತ್ತಾ ಅಂತ. ಕರಗಲ್ಲ.

ಈ ಮಾತು ಹುಟ್ಟಿದ್ದಕ್ಕೆ ಕಾರಣ ಇದೆ. ಮೂತ್ರವನ್ನು ಹಿಡಿತದಲ್ಲಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುತ್ತದೆ, ಅದಕ್ಕೇ ಪದೇ ಪದೇ ಹೋಗಬೇಕಾಗುತ್ತೆ. ಇಷ್ಟು ಸಣ್ಣ ಕಲ್ಲುಗಳು ಹೆಚ್ಚಾಗಿ ತಾವಾಗಿಯೇ ಬೀಳುತ್ತವೆ. ಹೆಸರು ಮಾತ್ರ ಬಿಯರ್‌ಗೆ. ಮಿತವಾಗಿ ಬಿಯರ್ ಕುಡಿಯುವವರಲ್ಲಿ ಕಲ್ಲು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿರುವುದೂ ನಿಜ. ಆದರೆ ಅದು ಮುಂದೆ ಕಲ್ಲಾಗುವ ಸಾಧ್ಯತೆಯ ಲೆಕ್ಕ, ಆಗಿರುವ ಕಲ್ಲಿಗೆ ಮದ್ದಲ್ಲ. ಮೇಲಾಗಿ ಬಿಯರ್‌ನಲ್ಲಿರುವ ಪ್ಯೂರಿನ್ ಎಂಬ ಅಂಶದಿಂದ ಯೂರಿಕ್ ಆಸಿಡ್ ಏರುತ್ತದೆ. ನಿಮ್ಮದು ಯೂರಿಕ್ ಆಸಿಡ್‌ನಿಂದಾದ ಕಲ್ಲಾಗಿದ್ದರೆ ಉಲ್ಟಾ ಹೊಡೆಯುತ್ತೆ.

'ಒಂದೇ ಬಾಟಲಿ' ಅನ್ನೋದೂ ಮಿತವಲ್ಲ. 650 ಮಿ.ಲೀ., 8% ಸ್ಟ್ರಾಂಗ್‌ನಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತೆ. 10 ಗ್ರಾಂಗೆ ಒಂದು ಡ್ರಿಂಕ್ ಅಂದರೂ ನಾಲ್ಕಾಯಿತು. ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕಲ್ಲು ಇಳಿಯಲು ಮೂತ್ರನಾಳ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಬರೆದಿದ್ದರೆ ಬಿಯರ್ ಜೊತೆ ಬಿ.ಪಿ. ಕುಸಿದು ತಲೆ ಸುತ್ತಬಹುದು. ನೋವಿನ ಮಾತ್ರೆ ಡೈಕ್ಲೋಫೆನಾಕ್ ಜೊತೆಗಾದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ.

ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ, ಬಿಸಿಲಲ್ಲಿ ಕೆಲಸವಿದ್ದರೆ ಇನ್ನೂ ಹೆಚ್ಚು. ಬೋರ್‌ವೆಲ್ ನೀರಾದರೆ ಫ್ಲೋರೈಡ್ ಕಾರಣಕ್ಕೆ ಶುದ್ಧೀಕರಣ ಘಟಕದ್ದೇ ತನ್ನಿ. ಅದಕ್ಕೆ ನಿಂಬೆರಸ ಹಿಂಡಿ, ಉಪ್ಪು ಬೇಡ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತೆ. ಬಿದ್ದ ಕಲ್ಲನ್ನು ಎಸೆಯದೆ, ಯಾವ ಜಾತಿಯದೆಂದು ತಿಳಿಯಲು ಲ್ಯಾಬ್‌ಗೆ ಕೊಡಿ. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಅವತ್ತೇ ಆಸ್ಪತ್ರೆಗೆ ಹೋಗಿ.