ತಮಗೆ ಹಗ್ಗ, ನಮಗೆ ಸಂತೆ

ಊರು–ಕಚೇರಿ: ಓದುಗರ ಪ್ರಶ್ನೆಗಳಿಗೆ ಪುರಸಭೆಯ ನಿವೃತ್ತ ಮುಖ್ಯಾಧಿಕಾರಿಯ ಉತ್ತರ (ಜೂನ್ 2020; ಇಲ್ಲಿನ ನಿಯಮ, ದರ, ವ್ಯವಸ್ಥೆಗಳು ಅಂದಿನವು)

ಪ್ರಶ್ನೆ: ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು 64. ಜೊತೆಯಲ್ಲಿ ಅಮ್ಮ ಇದ್ದಾರೆ. ಅವರಿಗೆ 86, ಉಬ್ಬಸದ ತೊಂದರೆ. ನಮ್ಮ ಮನೆ ಸಂತೆಬೀದಿಯಲ್ಲಿದೆ. ಮಾರ್ಚ್ 23ರಿಂದ ಹನ್ನೆರಡು ಸೋಮವಾರ ನಮ್ಮೂರಲ್ಲಿ ಸಂತೆ ನಡೆಯಲಿಲ್ಲ. ಜೂನ್ 13ರ ಶನಿವಾರ ಪುರಸಭೆಯ ಕಸದ ಗಾಡಿ ಬಂದಿತು. ಎರಡು ತಿಂಗಳು ‘ಮನೆಯಲ್ಲೇ ಇರಿ’ ಎಂದು ಕೂಗಿದ ಅದೇ ಧ್ವನಿವರ್ಧಕದಿಂದ, ಅದೇ ಗಂಡಸಿನ ದನಿಯಲ್ಲಿ, ‘ಸೋಮವಾರದಿಂದ ಸಂತೆ ಎಂದಿನಂತೆ ನಡೆಯುತ್ತದೆ, ಸಾರ್ವಜನಿಕರು ಸಹಕರಿಸಬೇಕು’ ಎಂದು ಕೇಳಿಸಿತು.

ಭಾನುವಾರ ಸಂಜೆ ಇಬ್ಬರು ಬಂದು ರಸ್ತೆಯ ಮೇಲೆ ಸುಣ್ಣದಲ್ಲಿ ಚೌಕಗಳನ್ನು ಬರೆದು ಹೋದರು. ಸೋಮವಾರ ಒಂಬತ್ತು ಗಂಟೆಗೆ ತುಂತುರು ಮಳೆ ಬಿತ್ತು. ಹತ್ತಕ್ಕೆ ಚೌಕಗಳ ಮೇಲೆ ಟೊಮೆಟೊ ಬುಟ್ಟಿಗಳಿದ್ದವು, ಬುಟ್ಟಿಗಳ ಮೇಲೆ ಜನ ಬಾಗಿದ್ದರು. ಎಂದಿನಂತೆ ಟಾರ್ಪಾಲಿನ ಹಗ್ಗಗಳನ್ನು ನಮ್ಮ ಕಿಟಕಿಯ ಸರಳುಗಳಿಗೇ ಕಟ್ಟಿದರು. ಆ ಕಿಟಕಿಯ ಒಳಗೆ ಅಮ್ಮನ ಮಂಚವಿದೆ.

ಹಸಿಮೆಣಸಿನಕಾಯಿ ಮಾರುವ ಒಬ್ಬ ಹೆಂಗಸು ಸುಮಾರು ಇಪ್ಪತ್ತು ವರ್ಷಗಳಿಂದ ಮಧ್ಯಾಹ್ನ ನಮ್ಮ ಜಗುಲಿಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾಳೆ. ನಾನು ಒಂದು ಚೊಂಬು ನೀರು ಕೊಡುವುದು ವಾಡಿಕೆ. ಅಂದೂ ಬಂದು, ‘ಅಕ್ಕಾ, ನೀರು’ ಎಂದು ಕೂಗಿದಳು. ನಾನು ಬಾಗಿಲು ತೆರೆಯಲಿಲ್ಲ. ಇದ್ದೂ ಇಲ್ಲದವಳಂತೆ ಒಳಗೆ ನಿಂತಿದ್ದೆ. ನಾನು ಒಳಗಿರುವುದು ಅವಳಿಗೂ ಗೊತ್ತಾಯಿತು ಎಂದು ಕಾಣುತ್ತದೆ. ಎರಡನೆಯ ಸಲ ಕೂಗಲಿಲ್ಲ.

ಮರುದಿನ ಅರ್ಜಿ ಬರೆದುಕೊಂಡು ಪುರಸಭೆಗೆ ಹೋದೆ. ಬಾಗಿಲಿಗೆ ಅಡ್ಡವಾಗಿ ಹಳದಿ ನೈಲಾನ್ ಹಗ್ಗ ಕಟ್ಟಿದ್ದರು. ಅದರ ಆಚೆ ಮೇಜು, ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ. ‘ಕೊರೊನಾ ಕಾರಣ ಒಳಗೆ ಪ್ರವೇಶವಿಲ್ಲ. ಅರ್ಜಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ’ ಎಂಬ ಚೀಟಿ. ಸ್ವೀಕೃತಿಯ ಮುದ್ರೆ ಕೇಳಿದರೆ, ‘ಮೇಡಂ, ಅಲ್ಲೇ ನಿಲ್ಲಿ’ ಎಂದರು. ತಮಗೆ ಹಗ್ಗ, ನಮಗೆ ಸಂತೆ! ವಾರ್ಡಿನ ಸದಸ್ಯರನ್ನು ಕೇಳಿದೆ. ‘ಟೀಚರ್, ಗೆದ್ದು ಎರಡು ವರ್ಷವಾಗುತ್ತಾ ಬಂತು, ನಾನಿನ್ನೂ ಸಭೆಯ ಕುರ್ಚಿಯನ್ನೇ ಕಂಡಿಲ್ಲ’ ಎಂದರು. ಈ ಸಂತೆಯನ್ನು ನಿಲ್ಲಿಸಲು ಯಾರನ್ನು ಕೇಳಬೇಕು? ನನ್ನ ತಮ್ಮ, ‘ಅಕ್ಕ, ನೀನು ಬಡವರ ಹೊಟ್ಟೆಯ ಮೇಲೆ ಹೊಡೆಯಲು ಹೊರಟಿದ್ದೀಯ’ ಎನ್ನುತ್ತಾನೆ. ಹೌದೇ?
– ಹೆಸರು, ಊರು ಬೇಡ

ಉತ್ತರ: ತಾಯೀ, ನಾಲ್ಕು ಪುಟಗಳ ನಿಮ್ಮ ಪತ್ರವನ್ನು ಜಾಗದ ಕೊರತೆಯಿಂದ ಕತ್ತರಿಸಿದ್ದೇನೆ. ಹಗ್ಗದ ಸಂಗತಿಗೆ ಮಾತ್ರ ಕತ್ತರಿ ಹಾಕಲು ಮನಸ್ಸು ಬರಲಿಲ್ಲ.

ಮೂವತ್ತೊಂದು ವರ್ಷ ಪುರಸಭೆಗಳ ಅನ್ನ ತಿಂದವನು ನಾನು. ಅಂಥ ಹಗ್ಗ ಕಟ್ಟಿಸುವುದು ತಪ್ಪಲ್ಲ. ಒಳಗೆ ಕುಳಿತವರಿಗೂ ಮನೆಯಲ್ಲಿ ಉಬ್ಬಸದ ತಾಯಂದಿರಿದ್ದಾರೆ. ಆದರೆ ಹಗ್ಗ ಕಟ್ಟಿದವನಿಗೆ ಅಪಾಯ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಜನರನ್ನು ದೂರ ನಿಲ್ಲಿಸುವುದು ಹೇಗೆ ಎಂಬುದು ಆ ಕಚೇರಿಗೆ ಚೆನ್ನಾಗಿ ಗೊತ್ತಿದೆ. ಆ ವಿದ್ಯೆಯನ್ನು ತನ್ನ ಬಾಗಿಲಿನಿಂದ ಆಚೆಗೆ ದಾಟಿಸಿಲ್ಲ, ಅಷ್ಟೇ. ನಿಮ್ಮ ಮುಂದಿನ ಅರ್ಜಿಯ ಮೊದಲ ಸಾಲು ಆ ಹಗ್ಗದ ಬಗ್ಗೆಯೇ ಇರಲಿ.

ಇನ್ನು, ಯಾರನ್ನು ಕೇಳಬೇಕು ಎಂಬ ಪ್ರಶ್ನೆ. ಮಾರ್ಚ್ 24ರ ರಾತ್ರಿಯಿಂದ ಇಡೀ ದೇಶ ನಡೆಯುತ್ತಿರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಮೇಲೆ. ಮೇ 30ರಂದು ಕೇಂದ್ರ ಹೊರಡಿಸಿದ ಆದೇಶದಂತೆ ಜೂನ್ 8ರಿಂದ ದೇವಸ್ಥಾನ, ಹೋಟೆಲ್, ಮಾಲ್‌ಗಳು ತೆರೆದಿವೆ. ಆ ಆದೇಶವನ್ನು ಕೆಳಗಿನವರು ಸಡಿಲಿಸುವ ಹಾಗಿಲ್ಲ, ಪರಿಸ್ಥಿತಿ ನೋಡಿ ಬಿಗಿ ಮಾಡಬಹುದು. ಜಿಲ್ಲೆಯ ಮಟ್ಟದಲ್ಲಿ ಆ ಕಾಯ್ದೆಯ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹಾಗಾಗಿ ‘ಮೇಲಿನವರ ಆದೇಶ’ ಎಂದು ಪುರಸಭೆ ಹೇಳಿದರೆ ಅದು ಅರ್ಧ ನಿಜ. ಉಳಿದ ಅರ್ಧ, ಅಂದರೆ ಸಂತೆ ಯಾವ ಜಾಗದಲ್ಲಿ, ಎಷ್ಟು ಹೊತ್ತು, ಅಂಗಡಿಯಿಂದ ಅಂಗಡಿಗೆ ಎಷ್ಟು ಅಂತರ ಎಂಬುದೆಲ್ಲ ಪುರಸಭೆಯದೇ ಕೆಲಸ. ಅದನ್ನು ಯಾವ ಮೇಲಿನವರೂ ಬಂದು ಮಾಡಿಕೊಡುವುದಿಲ್ಲ.

ನಿಮ್ಮ ಸದಸ್ಯರು ಹೇಳಿದ್ದು ಸುಳ್ಳಲ್ಲ. 2018ರ ಆಗಸ್ಟ್ 31ರಂದು ಮತ ಹಾಕಿದ ಅನೇಕ ಊರುಗಳಲ್ಲಿ ಸದಸ್ಯರು ಗೆದ್ದಿದ್ದಾರೆ, ಅಧ್ಯಕ್ಷರಿಲ್ಲ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ವ್ಯಾಜ್ಯ ನ್ಯಾಯಾಲಯದಲ್ಲಿದೆ. ಅದು ಮುಗಿಯುವವರೆಗೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕಾರುಬಾರು. ಊರಿನ ಮೇಲೆ ಇಷ್ಟು ದೊಡ್ಡ ತೀರ್ಮಾನಗಳು ಬಿದ್ದ ಮೂರು ತಿಂಗಳಲ್ಲಿ, ಊರು ಆರಿಸಿದವರು ಮೇಜಿನ ಸುತ್ತ ಕುಳಿತು ಒಂದು ಮಾತನ್ನೂ ಆಡಿಲ್ಲ ಎಂಬುದು ನನ್ನ ಮಟ್ಟಿಗೆ ಸಂತೆಗಿಂತ ದೊಡ್ಡ ತಕರಾರು. ಹಾಗೆಂದು ಸದಸ್ಯರನ್ನು ಬಿಟ್ಟುಬಿಡಬೇಡಿ. ಕುರ್ಚಿ ಇಲ್ಲದವರಿಗೂ ಲೆಟರ್‌ಹೆಡ್ ಇರುತ್ತದೆ. ಅದರಲ್ಲಿ ಆಡಳಿತಾಧಿಕಾರಿಗೆ ನಾಲ್ಕು ಸಾಲು ಬರೆಸಿಕೊಳ್ಳಿ.

ಸಂತೆಗೆ ಇಷ್ಟು ಆತುರವೇಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಹಳಷ್ಟು ಊರುಗಳಲ್ಲಿ ಸಂತೆಯ ಸುಂಕ ವಸೂಲಿಯನ್ನು ಪುರಸಭೆ ವರ್ಷಕ್ಕೊಮ್ಮೆ ಹರಾಜು ಹಾಕುತ್ತದೆ. ಕೂಗಿ ಹಿಡಿದವನು ಪುರಸಭೆಗೆ ಹಣ ಕಟ್ಟಬೇಕು, ಸಂತೆಯಲ್ಲಿ ವಸೂಲಿ ಮಾಡಿಕೊಳ್ಳಬೇಕು. ಈ ವರ್ಷ ಏಪ್ರಿಲ್‌ನಿಂದ ಲೆಕ್ಕ ಹಾಕಿದರೂ ನಿಮ್ಮೂರಲ್ಲಿ ಹತ್ತು ಸಂತೆ ಹೋಗಿವೆ. ಗುತ್ತಿಗೆದಾರ ‘ಹತ್ತು ವಾರದ ಹಣ ಬಿಡಿ’ ಎನ್ನುತ್ತಾನೆ. ಬಿಟ್ಟರೆ ಲೆಕ್ಕ ತಪಾಸಣೆಯವರು ಆಕ್ಷೇಪಣೆ ಬರೆಯುತ್ತಾರೆ. ಬಿಡದಿದ್ದರೆ ಅವನು ಕೋರ್ಟಿಗೆ ಹೋಗುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಿಮಗೆ ಗೊತ್ತು. ಸುಂಕದವನೇ ಬಂದು ದುಃಖ ತೋಡಿಕೊಂಡರೆ ಕಚೇರಿ ಬೇಗ ಕರಗುತ್ತದೆ. ನಿಮ್ಮೂರಲ್ಲಿ ಹೀಗೇ ಆಯಿತು ಎನ್ನಲು ನನ್ನ ಬಳಿ ಆಧಾರವಿಲ್ಲ. ಎಲ್ಲಿ ನೋಡಬೇಕು ಎಂಬುದನ್ನು ಹೇಳುತ್ತಿದ್ದೇನೆ.

ಇದನ್ನು ಕಂಡು ಹೇಳುತ್ತಿಲ್ಲ, ಮಾಡಿ ಹೇಳುತ್ತಿದ್ದೇನೆ. ಹಿಂದೆ ನಾನಿದ್ದ ಒಂದು ಊರಲ್ಲಿ ವಾಂತಿಭೇದಿ ಹರಡಿತು. ಎರಡು ಸಂತೆ ನಿಲ್ಲಿಸಿದೆ. ಎರಡನೆಯ ವಾರವೇ ಗುತ್ತಿಗೆದಾರ ಪರಿಹಾರದ ಅರ್ಜಿ ಹಿಡಿದು ಬಂದ. ಮೂರನೆಯ ಸಂತೆಗೆ ಅನುಮತಿ ಕೊಟ್ಟೆ. ‘ಕಾಯಿಲೆ ಹತೋಟಿಗೆ ಬಂದಿರುವುದರಿಂದ’ ಎಂದು ಕಡತದಲ್ಲಿ ಬರೆದೆ. ನೀರಿನ ಪರೀಕ್ಷೆಯ ವರದಿ ಅಂದಿಗೆ ಬಂದಿರಲೇ ಇಲ್ಲ. ಬಂದಾಗ ನೀರು ಸರಿಯಿತ್ತು, ನನ್ನ ಪುಣ್ಯ. ಆದರೆ ಸಹಿ ಹಾಕುವಾಗ ಅದು ನನಗೆ ಗೊತ್ತಿರಲಿಲ್ಲ.

ಈಗ ನಿಮ್ಮ ತಮ್ಮನ ಮಾತು. ಪೂರ್ತಿ ಒಪ್ಪುವುದಿಲ್ಲ, ತಳ್ಳಿಹಾಕುವುದೂ ಇಲ್ಲ. ಸಂತೆ ನಿಂತ ಹನ್ನೆರಡು ವಾರ ಆ ಮೆಣಸಿನಕಾಯಿಯವಳು ಏನು ಮಾಡಿದಳು ಎಂದು ನೀವು ಬರೆದಿಲ್ಲ. ಹಸಿಮೆಣಸಿನಕಾಯಿ ಅಡಿಕೆಯಲ್ಲ, ಮೂಟೆ ಕಟ್ಟಿ ಬೆಲೆ ಬರುವ ತನಕ ಇಡಲು. ಹೊಲದ ಬದುವಿಗೆ ಗಾಡಿ ತಂದವನು ಕೇಳಿದ ದರಕ್ಕೆ ಕೊಟ್ಟಿರುತ್ತಾಳೆ, ಇಲ್ಲವೇ ಗಿಡದಲ್ಲೇ ಹಣ್ಣಾಗಲು ಬಿಟ್ಟಿರುತ್ತಾಳೆ. ಆದ್ದರಿಂದ ‘ನಿಲ್ಲಿಸಿ’ ಎಂದು ಬರೆಯಬೇಡಿ. ಹಾಗೆ ಬರೆದರೆ ಪುರಸಭೆಗೆ ಅನುಕೂಲ. ನಿಮ್ಮನ್ನು ಬಡವರ ವಿರೋಧಿ ಎಂದು ತೋರಿಸಿ ಕಡತ ಮುಚ್ಚುತ್ತಾರೆ. ‘ಎಂದಿನಂತೆ’ ಎಂಬ ಒಂದೇ ಪದವನ್ನು ಹಿಡಿಯಿರಿ. ಕಸದ ಗಾಡಿ ಕೂಗಿದ್ದು ಅದನ್ನೇ ಅಲ್ಲವೇ? ಎಂದಿನಂತೆ ನಡೆಸಲು ಯಾವ ಆದೇಶ ಹೇಳಿದೆ, ತೋರಿಸಿ ಎಂದು ಕೇಳಿ.

ಸಂತೆಯನ್ನು ಬೀದಿಯಿಂದ ಎತ್ತಿ ಶಾಲೆ, ಕಾಲೇಜಿನ ಮೈದಾನಕ್ಕೋ ಎಪಿಎಂಸಿ ಪ್ರಾಂಗಣಕ್ಕೋ ಹಾಕಬಹುದು. ಜೂನ್ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇರುವುದರಿಂದ ಪರೀಕ್ಷಾ ಕೇಂದ್ರದ ಮೈದಾನ ಸದ್ಯಕ್ಕೆ ಬೇಡ. ಬೀದಿಯಲ್ಲೇ ಆಗಬೇಕು ಎಂದರೆ ಒಂದೇ ಬದಿಯಲ್ಲಿ ಕೂರಿಸಲಿ, ಮನೆಗಳ ಕಿಟಕಿಗೆ ಹಗ್ಗ ಕಟ್ಟುವುದನ್ನು ನಿಲ್ಲಿಸಲಿ, ಮಳೆಗಾಲದಲ್ಲಿ ಸುಣ್ಣ ಬಳಿಯುವ ಬದಲು ಬಣ್ಣ ಬಳಿಯಲಿ. ಸುಣ್ಣ ಬಿದ್ದದ್ದು ಫೋಟೊ ತೆಗೆಯುವುದಕ್ಕೆ ಎಂದು ನನ್ನ ಗುಮಾನಿ.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಸಂತೆಯಲ್ಲಿ ಕೊಳ್ಳುವವನು ನಾಲ್ಕಾರು ಅಂಗಡಿ ಮುಟ್ಟುತ್ತಾನೆ. ಪ್ರತಿ ಅಂಗಡಿಯವರ ಕೈಯನ್ನೂ ಮುಟ್ಟುವವನು ಒಬ್ಬನೇ, ಸುಂಕದವನು. ಒಬ್ಬೊಬ್ಬರಿಂದ ಚಿಲ್ಲರೆ ಇಸಿದುಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು, ರಸೀತಿ ಪುಸ್ತಕದ ಹಾಳೆ ಮಗುಚಿ, ಹರಿದು, ಅದೇ ಎಂಜಲಿನ ಚೀಟಿಯನ್ನು ಅವರ ಕೈಯಲ್ಲಿಡುತ್ತಾನೆ. ನಾನು ನೋಡಿದ ಸುಂಕದವರೆಲ್ಲ ಹೀಗೇ. ಮುಂದಿನ ಸೋಮವಾರ ಕಿಟಕಿಯಿಂದ ಅವನ ಹೆಬ್ಬೆರಳನ್ನು ಗಮನಿಸಿ, ಬರೆದಿಟ್ಟುಕೊಳ್ಳಿ. ಸೋಂಕು ಕಡಿಮೆಯಾಗುವವರೆಗೆ ಸುಂಕವನ್ನೇ ಬಿಡಿ ಎಂದು ಕೇಳುವುದು ನ್ಯಾಯ. ಇಲ್ಲವೇ ಪ್ರವೇಶದ ಬಳಿ ಒಂದು ಮೇಜು ಹಾಕಿ, ರಸೀತಿಗಳನ್ನು ಮೊದಲೇ ಹರಿದಿಟ್ಟುಕೊಂಡು ವಸೂಲಿ ಮಾಡಲಿ. ಈ ಬೇಡಿಕೆಗೆ ಸಂತೆಯ ಹೆಂಗಸರೂ ನಿಮ್ಮ ಜೊತೆ ಹೆಬ್ಬೆಟ್ಟು ಒತ್ತುತ್ತಾರೆ. ಆಗ ನಿಮ್ಮ ತಮ್ಮ ಏನೆನ್ನುತ್ತಾರೋ ನೋಡೋಣ.

ರಟ್ಟಿನ ಪೆಟ್ಟಿಗೆಯ ಸಹವಾಸ ಬಿಡಿ. ಜಿಲ್ಲಾಧಿಕಾರಿಗೆ ಅರ್ಜಿ, ತಹಶೀಲ್ದಾರರಿಗೂ ಮುಖ್ಯಾಧಿಕಾರಿಗೂ ಪ್ರತಿ. ಮೂರನ್ನೂ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಂಚೆಯವನು ತರುವ ಸಹಿಯೇ ನಿಮ್ಮ ಮುದ್ರೆ. ಸಂತೆ ತೆರೆದ ಆದೇಶದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಾಲ್ಕು ಪುಟ ಬರೆಯುವ ಟೀಚರಿಗೆ ಇದೇ ಕಷ್ಟದ ಭಾಗ! ಉತ್ತರಕ್ಕೆ 30 ದಿನ ಅವಕಾಶವಿದೆ. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳಲ್ಲಿ ಕೊಡಬೇಕೆಂದು ಕಾಯ್ದೆಯಲ್ಲಿದೆ. ಅಮ್ಮನ ವಯಸ್ಸು, ಕಾಯಿಲೆ ಹೇಳಿ ಅದನ್ನೂ ಒಂದು ಸಾಲಿನಲ್ಲಿ ಕೇಳಿ. ಒಪ್ಪುವುದು ಅನುಮಾನ, ಆದರೆ ಮೇಲ್ಮನವಿಗೆ ಹೋದಾಗ ಆ ಸಾಲು ಕೆಲಸಕ್ಕೆ ಬರುತ್ತದೆ.

ಕೊನೆಗೆ ನೀರಿನ ಸಂಗತಿ. ಅದನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ಆದರೆ ಪತ್ರ ಬರೆಸಿದ್ದು ಅದೇ ಎಂದು ನನಗೆ ಅನ್ನಿಸಿತು. ಚೊಂಬು ಕೈಯಿಂದ ಕೈಗೆ ಬೇಡ ಎನ್ನುವುದು ಸರಿ. ಹಾಗೆಂದು ಮೇಲಿನಿಂದ ಅವಳ ಬೊಗಸೆಗೆ ಹೊಯ್ಯಬೇಡಿ. ನಮ್ಮ ಊರುಗಳಲ್ಲಿ ಹಾಗೆ ನೀರು ಹೊಯ್ಯುತ್ತಿದ್ದುದು ಯಾರಿಗೆ, ಏಕೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಯಾವ ಕಾಯಿಲೆಯ ನೆಪದಲ್ಲೂ ಅದು ಮರಳಿ ಬರಬಾರದು. ನಲ್ಲಿ ಇರುವ ಒಂದು ನೀರಿನ ಡ್ರಮ್ಮನ್ನು ಭಾನುವಾರ ರಾತ್ರಿಯೇ ತುಂಬಿಸಿ ಜಗುಲಿಯ ಮೇಲಿಡಿ, ಪಕ್ಕದಲ್ಲಿ ಒಂದು ಸೋಪು. ಅವಳೇ ತಿರುಗಿಸಿಕೊಂಡು ಕುಡಿಯಲಿ. ನೀವು ಕಿಟಕಿಯಿಂದ, ಮಾಸ್ಕ್ ಹಾಕಿಕೊಂಡೇ, ಹೋದ ವಾರ ಏಕೆ ಬಾಗಿಲು ತೆರೆಯಲಿಲ್ಲ ಎಂದು ಹೇಳಿಬಿಡಿ.

ಪ್ರಶ್ನೆ: ನಮ್ಮ ತಂದೆ ಏಪ್ರಿಲ್ 9ರಂದು ಮನೆಯಲ್ಲೇ ತೀರಿಕೊಂಡರು. ವಯೋಸಹಜ ಸಾವು. ಆಗ ಮರಣ ನೋಂದಣಿಗೆಂದು ಪುರಸಭೆ ಕಚೇರಿಗೆ ಹೋದರೆ ಗೇಟಿನಲ್ಲೇ ವಾಪಸು ಕಳಿಸಿದರು. ಈಗ ಹೋದರೆ ‘ತಡವಾಗಿದೆ, ಅಫಿಡವಿಟ್ ತನ್ನಿ’ ಎನ್ನುತ್ತಾರೆ. ಮುಚ್ಚಿದ್ದು ಅವರು, ತಡ ಮಾಡಿದವನು ನಾನೇ?
– ಒಬ್ಬ ಓದುಗ, ಹಾಸನ ಜಿಲ್ಲೆ

ಉತ್ತರ: ಕಚೇರಿ ಇನ್ನೂ ಎರಡು ತಿಂಗಳು ಮುಚ್ಚಿರಲಿ ಎಂದು ನನಗೆ ಬರೆಯುವವರೂ ಇದ್ದಾರೆ. ಅವರು ನಿಮ್ಮ ಪತ್ರ ಓದಲಿ. ಜನನ–ಮರಣ ನೋಂದಣಿ ಕಾಯ್ದೆ 1969ರದು, ಅದಕ್ಕೆ ಲಾಕ್‌ಡೌನ್ ಗೊತ್ತಿಲ್ಲ. ಸಾವನ್ನು 21 ದಿನಗಳೊಳಗೆ ತಿಳಿಸಬೇಕು; ಮನೆಯಲ್ಲಿ ಸತ್ತರೆ ಆ ಹೊಣೆ ಮನೆಯ ಯಜಮಾನನದು. ಅದು ದಾಟಿದರೂ ಸಾವಿನ ದಿನದಿಂದ 30 ದಿನದವರೆಗೆ ತಡದ ಶುಲ್ಕ ಕಟ್ಟಿದರೆ ಮುಗಿಯಿತು. 30 ದಿನ ದಾಟಿ ವರ್ಷದೊಳಗಾದರೆ ಶುಲ್ಕ, ಅಫಿಡವಿಟ್ ಮತ್ತು ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ನಿಮ್ಮದು ಈ ಮೂರನೆಯ ಗುಂಪು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ, ಅಲ್ಲಿಯವರೆಗೆ ಹಟ ಹಿಡಿಯಬೇಡಿ. ಅಫಿಡವಿಟ್‌ನಲ್ಲಿ ‘ಇಂಥ ದಿನ ಕಚೇರಿಗೆ ಬಂದಿದ್ದೆ, ಮುಚ್ಚಿತ್ತು’ ಎಂದು ದಿನಾಂಕ ಸಹಿತ ಬರೆಯಿರಿ. ಶವಸಂಸ್ಕಾರದ ಚೀಟಿ ಇದ್ದರೆ ಜೊತೆಗಿಡಿ. ಸಿಟ್ಟು ನ್ಯಾಯವಾದದ್ದೇ, ಆದರೆ ಬ್ಯಾಂಕಿನವರು, ಪಹಣಿಯವರು ಕೇಳುವುದು ಪ್ರಮಾಣಪತ್ರವನ್ನು.

ಪ್ರಶ್ನೆ: ಮಾಸ್ಕ್ ಇಲ್ಲವೆಂದು ಪುರಸಭೆಯವರು ನನ್ನಿಂದ 200 ರೂಪಾಯಿ ದಂಡ ಪಡೆದರು. ರಸೀತಿ ಕೊಡಲಿಲ್ಲ. ದಂಡ ಹಾಕಿದವರ ಮಾಸ್ಕ್ ಗದ್ದದ ಮೇಲಿತ್ತು. ಇದು ಸರಿಯೇ?
– ಒಬ್ಬ ಓದುಗ, ಮಂಡ್ಯ ಜಿಲ್ಲೆ

ಉತ್ತರ: 200 ರೂಪಾಯಿ ಮಹಾನಗರ ಪಾಲಿಕೆಯ ದರ. ಪುರಸಭೆಯ ಊರಿನಲ್ಲಿ 100. ರಸೀತಿ ಇಲ್ಲದೆ ಪಡೆದ ಹಣವನ್ನು ದಂಡ ಎನ್ನುವುದಿಲ್ಲ, ಅದಕ್ಕೆ ಬೇರೆ ಹೆಸರಿದೆ. ದಿನ, ಹೊತ್ತು, ಜಾಗ ಬರೆದು ಮುಖ್ಯಾಧಿಕಾರಿಗೆ ದೂರು ಕೊಡಿ. ಅವರ ಮಾಸ್ಕ್ ಎಲ್ಲಿತ್ತು ಎಂಬುದನ್ನೂ ಬರೆಯಿರಿ. ನಿಮ್ಮದು ಎಲ್ಲಿತ್ತು ಎಂದು ಮಾತ್ರ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.